ತಟ್ಟೆಗೆ ಬಂದದ್ದು ಯಾವ ಮೀನು ಎಂದು ಬರೆಯಲಿ

ಮಾನ್ಯರೇ,

ಮಾಜಾಳಿಯಿಂದ ಭಟ್ಕಳದವರೆಗೆ ಹೆದ್ದಾರಿ ಬದಿಯ ಹೋಟೆಲ್‌ಗಳಲ್ಲಿ, ಗೋಕರ್ಣ, ಮುರ್ಡೇಶ್ವರದಂಥ ಪ್ರವಾಸಿ ಊರುಗಳಲ್ಲಿ, ಘಟ್ಟದ ಮೇಲೆ ಶಿರಸಿಯಲ್ಲೂ ಈಗ ಮೆನು ಕಾರ್ಡಿನ ತುಂಬ ಮೀನಿನ ಹೆಸರುಗಳು. ಆ ಹೆಸರಿಗೂ ತಟ್ಟೆಗೆ ಬರುವ ಮೀನಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಹೆಸರುಗಳ ಗೊಂದಲ ಒಂದು. ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಆ ಗೊಂದಲದ ಮರೆಯಲ್ಲಿ ಅಗ್ಗದ ಮೀನನ್ನು ದುಬಾರಿ ಮೀನಿನ ಹೆಸರಿನಲ್ಲಿ ಬಡಿಸುವುದು ಇನ್ನೊಂದು; ಅದು ಮೋಸ. ಎರಡನ್ನೂ ಒಂದೇ ಮಾಡಿ ಮಾತಾಡಿದರೆ, ಮಾರುಕಟ್ಟೆಯಲ್ಲಿ ಕೂತು ಮಾರುವ ನಮ್ಮ ಮೀನುಗಾರ ಹೆಂಗಸರ ಮೇಲೆ ಸುಮ್ಮನೆ ಗೂಬೆ ಕೂರಿಸಿದಂತಾಗುತ್ತದೆ.

ಈ ಕರಾವಳಿಯಲ್ಲಿ ಒಂದೇ ಮೀನಿಗೆ ಮೂರ್ನಾಲ್ಕು ಹೆಸರು ಇರುವುದು ಸಹಜ. ಕಾರವಾರದಲ್ಲಿ ಇಶ್ವಾಣ ಎನ್ನುವುದೇ ಮಂಗಳೂರು ಕಡೆ ಅಂಜಲ್, ಮರಾಠಿಯವರಿಗೆ ಸುರಮೈ, ಮೆನುವಿನಲ್ಲಿ ಕಿಂಗ್‌ಫಿಶ್. ನಮ್ಮ ತಾರ್ಲೆ ತುಳುವರಿಗೆ ಬೂತಾಯಿ, ಕುಂದಾಪುರದವರಿಗೆ ಬೈಗೆ. ನೋಗ್ಲಿ ಎಂದರೂ ಕಾಣೆ ಎಂದರೂ ಅದೇ ಮೀನು. ಹೋಟೆಲಿನವರು ಅದನ್ನು ಲೇಡಿಫಿಶ್ ಎಂದು ಬರೆಯುತ್ತಾರೆ, ಆದರೆ ಬೇರೆ ದೇಶಗಳಲ್ಲಿ ಲೇಡಿಫಿಶ್ ಎಂದರೆ ಇದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಜಾತಿ. ತಿರುಗಾ ಒಂದೇ ಹೆಸರಿಗೆ ಎರಡು ಮೀನೂ ಉಂಟು. ಕಾರವಾರದಲ್ಲಿ ಬಾಳೆ ಎಂದರೆ ಬೆಳ್ಳಿಪಟ್ಟಿಯಂತೆ ಉದ್ದಕ್ಕಿರುವ, ತುಳುವರು ಪಾಂಬೊಳು ಎನ್ನುವ ಸಮುದ್ರದ ಮೀನು. ಘಟ್ಟದ ಮೇಲೆ, ಬಯಲುಸೀಮೆಯ ಹೊಳೆಗಳಲ್ಲಿ ಬಾಳೆ ಮೀನು ಎಂದರೆ ಮೀಸೆಯಿರುವ ದೊಡ್ಡ ಸಿಹಿನೀರಿನ ಮೀನು. ಶಿರಸಿಯ ಗಿರಾಕಿಯೊಬ್ಬರು ಬಾಳೆ ಕೇಳಿ ಇನ್ನೇನೋ ಸಿಕ್ಕಿತು ಎಂದರೆ ಮಾರಿದವರು ಸುಳ್ಳು ಹೇಳಿದ್ದಾರೆ ಎಂದು ಅರ್ಥವಲ್ಲ. ಬಲೆಗೆ ಹೊಸ ಮೀನು ಬಿದ್ದಾಗ ಹೊಸ ಹೆಸರೂ ಹುಟ್ಟುತ್ತದೆ. ಕಪ್ಪು ನೀಲಿ ಮೈಯ, ಕೆಂಪು ಹಲ್ಲಿನ ಟ್ರಿಗರ್‌ಫಿಶ್ ರಾಶಿರಾಶಿಯಾಗಿ ಬರತೊಡಗಿದಾಗ ಅದಕ್ಕೆ ಬಂದರುಗಳಲ್ಲಿ ಕಾರ್ಗಿಲ್ ಮೀನು ಎಂದೇ ಹೆಸರಾಯಿತು.

ಇಡೀ ಮೀನು ಕಣ್ಣೆದುರಿಗಿದ್ದರೆ ಈ ಯಾವ ಗೊಂದಲವೂ ನಷ್ಟ ಮಾಡುವುದಿಲ್ಲ. ಮಾರುವವರು ಏನೆಂದು ಕರೆದರೂ ಕೊಳ್ಳುವವರು ನೋಡಿ ತೀರ್ಮಾನಿಸುತ್ತಾರೆ. ತಲೆ, ಬಾಲ, ಚರ್ಮ ಹೋದ ಮೇಲೆಯೇ ಮೋಸಕ್ಕೆ ದಾರಿ. ಅದರ ಮೇಲೆ ಮಸಾಲೆ, ರವೆ ಬಿದ್ದರೆ ಬಲ್ಲವರಿಗೂ ಗುರುತು ಹಿಡಿಯುವುದು ಕಷ್ಟ. ಆದ್ದರಿಂದ ಯಾವ ಮೀನಿನ ಜಾಗಕ್ಕೆ ಯಾವುದು ಬರಬಲ್ಲದು, ಎಲ್ಲಿ ನೋಡಿದರೆ ತಿಳಿಯುತ್ತದೆ ಎಂಬುದನ್ನು ಓದುಗರಿಗೆ ವಿವರವಾಗಿ ಹೇಳಬೇಕಾಗಿದೆ.

ಮೊದಲು ಪಾಪ್ಲೆಟ್. ಬಿಳಿ ಪಾಪ್ಲೆಟ್, ಅಂದರೆ ಮಾಂಜಿ, ಹಿಡಿದು ನೋಡಿದರೆ ಹೊಟ್ಟೆಯ ಅಡಿ ಜೋಡಿ ರೆಕ್ಕೆ ಇರುವುದೇ ಇಲ್ಲ. ಬಾಯಿ ತೀರಾ ಚಿಕ್ಕದು, ಹುರುಪೆ ಸಣ್ಣದು, ಬೆರಳು ಸವರಿದರೆ ಉದುರುತ್ತದೆ; ಬಾಲ ಆಳವಾಗಿ ಕವಲೊಡೆದು ಕೆಳಗಿನ ಕವಲು ಉದ್ದವಾಗಿರುತ್ತದೆ. ಅದರ ಜಾಗಕ್ಕೆ ಬರುವುದು ರೂಪಚಂದ್. ಇದು ದಕ್ಷಿಣ ಅಮೆರಿಕದ ಹೊಳೆಗಳ ಮೀನು, ನಮ್ಮಲ್ಲಿ ಸಿಹಿನೀರಿನ ಕೆರೆಗಳಲ್ಲಿ ಸಾಕುತ್ತಾರೆ, ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಹೊರ ರಾಜ್ಯದಿಂದ ಬರುತ್ತದೆ. ದುಂಡಗೆ, ಚಪ್ಪಟೆಗೆ ಇರುವುದರಿಂದ ದೂರದಿಂದ ಪಾಪ್ಲೆಟ್ಟೇ ಅನ್ನಿಸುತ್ತದೆ. ಮೂರು ಕಡೆ ನೋಡಿದರೆ ಸಾಕು: ಹೊಟ್ಟೆಯಡಿ ಜೋಡಿ ರೆಕ್ಕೆ ಇದೆ, ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಮಾಂಸದ ಮೊಗ್ಗಿನಂಥ ಇನ್ನೊಂದು ಪುಟ್ಟ ರೆಕ್ಕೆ ಇದೆ, ಬಾಯಿ ಬಿಡಿಸಿದರೆ ಮನುಷ್ಯರ ದವಡೆ ಹಲ್ಲಿನಂಥ ಹಲ್ಲುಗಳಿವೆ. ಮರಿ ಮೀನಾದರೆ ಎದೆ, ಹೊಟ್ಟೆ ಕೆಂಪಗಿರುತ್ತದೆ. ಹುರಿದ ಮೇಲೂ ಗೊತ್ತಾಗುತ್ತದೆ. ಪಾಪ್ಲೆಟ್ಟಿನ ಮಾಂಸ ನಡುಮುಳ್ಳಿನಿಂದ ನುಣ್ಣಗೆ ಬಿಟ್ಟು ಬರುತ್ತದೆ, ರೂಪಚಂದ್‌ನ ಮಾಂಸದೊಳಗೆ ಕವಲು ಮುಳ್ಳು ಸಿಗುತ್ತದೆ. ರೂಪಚಂದ್ ತಿನ್ನಬಾರದ ಮೀನೇನಲ್ಲ. ಅದರ ಹೆಸರಿನಲ್ಲಿ, ಅದರ ದರಕ್ಕೆ ಮಾರಿದರೆ ಯಾರ ತಕರಾರೂ ಇಲ್ಲ. ‘ಪಾಂಫ್ರೆಟ್ ತವಾ ಫ್ರೈ’ ಎಂದು ಬರೆದು ಪಾಪ್ಲೆಟ್ಟಿನ ದರ ಹಾಕುವುದೇ ತಪ್ಪು.

ಕಪ್ಪು ಪಾಪ್ಲೆಟ್ ಎನ್ನುವ ಹಲವಾ ಕೂಡ ನಿಜದಲ್ಲಿ ಪಾಪ್ಲೆಟ್ ಕುಟುಂಬದ್ದಲ್ಲ, ಟ್ರೆವಲ್ಲಿ ಕುಟುಂಬದ್ದು. ಬಾಲದ ಬುಡದಲ್ಲಿ ಬೆರಳಾಡಿಸಿದರೆ ಗಟ್ಟಿ ಹುರುಪೆಯ ಸಾಲು ಗರಗರ ತಾಗುತ್ತದೆ. ರುಚಿಯ ಮೀನು, ತನ್ನದೇ ಬೆಲೆ ಇದೆ. ಮೆನುವಿನಲ್ಲಿ ಬಿಳಿಯೋ ಕಪ್ಪೋ ಎಂದು ಬರೆದರೆ ಸಾಕು. ಈಚೆಗೆ ಪಂಜರದಲ್ಲಿ ಸಾಕಿದ ಪೊಂಪಾನೊ ಕೂಡ ಮಾರುಕಟ್ಟೆಗೆ ಬರುತ್ತಿದೆ. ಹೆಸರು ಹತ್ತಿರ, ಆಕಾರವೂ ಹತ್ತಿರ, ಆದರೆ ಮೀನು ಬೇರೆ.

ಇಶ್ವಾಣದ ಕತೆ ಇನ್ನೂ ಸೂಕ್ಷ್ಮ, ಏಕೆಂದರೆ ಅದು ಹೋಟೆಲಿಗೆ ಬರುವುದೇ ತುಂಡಾಗಿ. ಇಶ್ವಾಣದಲ್ಲೇ ಎರಡು ಜಾತಿ ನಮ್ಮಲ್ಲಿ ಸಾಮಾನ್ಯ: ಮೈಮೇಲೆ ಅಡ್ಡ ಗೀರು ಇರುವುದು, ಚುಕ್ಕೆ ಸಾಲು ಇರುವುದು. ಗೀರಿನದು ಹೆಚ್ಚು ದೊಡ್ಡದಾಗುತ್ತದೆ. ಎರಡೂ ಇಶ್ವಾಣವೇ, ಅದರಲ್ಲಿ ಮೋಸವಿಲ್ಲ. ಅದರ ಜಾಗಕ್ಕೆ ತೊಂಕಿ (ಬರಾಕುಡಾ) ಅಥವಾ ಗೇದರ್ (ಟ್ಯೂನಾ) ಬಂದಾಗ ತುಂಡಿನಲ್ಲಿಯೇ ಗುರುತಿದೆ. ಇಶ್ವಾಣದ ಚರ್ಮ ನಯವಾಗಿ, ಹುರುಪೆ ಇಲ್ಲವೇ ಇಲ್ಲ ಅನ್ನುವಷ್ಟು ನುಣುಪು. ತೊಂಕಿಯ ಚರ್ಮದಲ್ಲಿ ದೊಡ್ಡ ಹುರುಪೆ ಕಿತ್ತ ಗುರುತಿನ ಬಲೆ ಎದ್ದು ಕಾಣುತ್ತದೆ. ಗೇದರ್ ತುಂಡಿನ ಮಾಂಸ ಗಾಢ ಕೆಂಪು, ನಡುಮುಳ್ಳಿನ ಎರಡೂ ಬದಿಗೆ ರಕ್ತದ ಬಣ್ಣದ ದಪ್ಪ ಪಟ್ಟೆ. ಬೆಂದರೆ ಕಂದಾಗಿ ಬಿರುಸಾಗುತ್ತದೆ. ಹಾಗಾಗಿ ಚರ್ಮ ಸುಲಿದ ‘ಇಶ್ವಾಣ’ ತುಂಡನ್ನು ಯಾರಾದರೂ ಕೊಡಲು ಬಂದರೆ ಬೇಡ ಎನ್ನಿ. ಇಶ್ವಾಣದ ಚರ್ಮ ಸುಲಿಯುವ ಅಗತ್ಯವೇ ಅಡುಗೆಯಲ್ಲಿ ಬರುವುದಿಲ್ಲ.

ಮುಳ್ಳು ತೆಗೆದ ಬಿಳಿ ತುಂಡಿನಲ್ಲಿ, ಫಿಲೆ ಎನ್ನುತ್ತಾರಲ್ಲ, ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಕೈಚಳಕ ನಡೆಯುತ್ತದೆ. ಫಿಶ್ ಫಿಂಗರ್, ಫಿಶ್ ಟಿಕ್ಕಾ, ಫಿಶ್ ಚಿಲ್ಲಿ, ಬೆಣ್ಣೆ ಬೆಳ್ಳುಳ್ಳಿ ಸಾಸಿನ ‘ಸೀಬಾಸ್’ ಇವಕ್ಕೆಲ್ಲ ಬಾಸಾ ಎಂಬ ಹೆಪ್ಪುಗಟ್ಟಿದ ತುಂಡು ಹೋಗಬಲ್ಲದು. ಬಾಸಾ ಎಂದು ಮಾರುವುದು ಬಹುಮಟ್ಟಿಗೆ ಮೆಕಾಂಗ್ ನದಿ ಮೂಲದ ಪಂಗಾಸಿಯಸ್ ಎಂಬ ಸಾಕಿದ ಸಿಹಿನೀರಿನ ಮೀನು. ನಮ್ಮ ಕುರುಡಿ, ಕೊಂಕಣಿಯಲ್ಲಿ ಚೊಣಕ್, ಅಳಿವೆಯಲ್ಲೂ ಸಮುದ್ರದಲ್ಲೂ ಬೆಳೆಯುವ ಮೀನು. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದನ್ನು ಸಮುದ್ರದ ಪಂಜರದಲ್ಲಿ ಸಾಕಿ ತೋರಿಸಿದೆ. ಸೀಬಾಸ್ ಎಂಬ ಹೆಸರು ಸಲ್ಲಬೇಕಾದದ್ದು ಇದಕ್ಕೆ. ಎರಡರ ದರಕ್ಕೂ ಅಜಗಜಾಂತರ.

ಬಾಸಾದ ಗುರುತು ಕಾವಲಿಯ ಮೇಲೆ ಚೆನ್ನಾಗಿ ತಿಳಿಯುತ್ತದೆ. ಹೆಪ್ಪುಗಟ್ಟಿಸುವ ಮೊದಲು ಫಿಲೆಯನ್ನು ಪಾಲಿಫಾಸ್ಫೇಟ್ ನೀರಿನಲ್ಲಿ ಅದ್ದಿದ್ದರೆ ಮಾಂಸ ನೀರು ಹಿಡಿದಿಟ್ಟುಕೊಳ್ಳುತ್ತದೆ, ತೂಕ ಹೆಚ್ಚುತ್ತದೆ. ಬಿಸಿ ತಾಗಿದ ಕೂಡಲೇ ಆ ನೀರು ಹೊರಗೆ ಬರುತ್ತದೆ. ಎಣ್ಣೆ ಸಿಡಿಯುತ್ತದೆ, ಮೀನು ಹುರಿಯುವ ಬದಲು ಬೇಯುತ್ತದೆ, ರವೆ ಪದರ ಚಕ್ಕೆಯಾಗಿ ಕಳಚಿ ಕಾವಲಿಗೆ ಅಂಟುತ್ತದೆ, ತುಂಡು ಅರ್ಧಕ್ಕರ್ಧ ಕುಗ್ಗಿದಂತೆ ಕಾಣುತ್ತದೆ. ತಿಂದರೆ ಸಮುದ್ರದ ಉಪ್ಪುರುಚಿ ಇಲ್ಲ, ಎಳೆ ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಮೆತ್ತಗೆ ಮುದ್ದೆ. ಮನೆಗೆ ಹೆಪ್ಪುಗಟ್ಟಿದ ಪ್ಯಾಕೆಟ್ ತಂದವರು ಐಸ್ ಪೂರ್ತಿ ಕರಗಿಸಿ, ನೀರು ಬಸಿದು, ತುಂಡನ್ನಷ್ಟೇ ತೂಗಿ ನೋಡಲಿ. ಪ್ಯಾಕೆಟ್ ಮೇಲೆ ಬರೆದ ನಿವ್ವಳ ತೂಕಕ್ಕೆ ಅದು ಹೊಂದಬೇಕು.

ಉಳಿದವನ್ನು ಚುಟುಕಾಗಿ ಹೇಳಬಹುದು. ರಾವಸ್ ಮೀನನ್ನು ‘ಇಂಡಿಯನ್ ಸಾಲ್ಮನ್’ ಎನ್ನುತ್ತಾರೆ, ಅದಕ್ಕೂ ಸಾಲ್ಮನ್‌ಗೂ ನೆಂಟಸ್ತಿಕೆ ಇಲ್ಲ. ರಾವಸ್ ಎಂದೇ ಬರೆದರೆ ಅದರ ಗೌರವಕ್ಕೆ ಕುಂದೇನಿಲ್ಲ. ಕಾಣೆಯ ಬದಲು ಅರಣೆ ಮೀನು ಬಂದರೆ ತಲೆ ನೋಡಿ: ಕಾಣೆಯದು ಚೂಪು ಮೂತಿ, ಪುಟ್ಟ ಬಾಯಿ, ಅರಣೆಯದು ಅಗಲ ಬಾಯಿ, ಸೂಜಿಯಂಥ ಹಲ್ಲಿನ ಸಾಲು. ತಲೆ ತೆಗೆದು ಮಸಾಲೆ ಹಚ್ಚಿದರೆ ಇವೆರಡನ್ನು ಬೇರೆ ಮಾಡುವುದು ಕಷ್ಟ, ಅದಕ್ಕೇ ಕಾಣೆಯನ್ನು ತಲೆ ಸಮೇತ ಕೇಳುವುದು ಒಳ್ಳೆಯದು. ‘ಕ್ರ್ಯಾಬ್ ಸ್ಟಿಕ್’ ಎನ್ನುವುದರಲ್ಲಿ ಮುಖ್ಯವಾಗಿ ಇರುವುದು ರಾಣಿ ಮೀನಿನಂಥ ಬಿಳಿ ಮೀನಿನ ಹಿಟ್ಟು, ಅದು ಏಡಿಯಲ್ಲ. ಸೀಗಡಿಯಲ್ಲಿ ಕೆರೆಯಲ್ಲಿ ಸಾಕಿದ ವನ್ನಾಮಿಯನ್ನು ‘ಸಮುದ್ರದ ಸುಂಗಟ’ ಎಂದು ಕೂಗಿ ಮಾರುವುದುಂಟು. ವನ್ನಾಮಿಯನ್ನು ನಮ್ಮ ದೇಶದಲ್ಲಿ ಸಾಕಲು ಅನುಮತಿ ಸಿಕ್ಕಿದ್ದೇ 2009ರಲ್ಲಿ, ಈಗ ಎಲ್ಲೆಡೆ ಅದೇ. ಸಾಕಿದ್ದು ಎಂದು ಹೇಳಿ ಮಾರಲಿ.

ಇದು ಬರಿಯ ದುಡ್ಡಿನ ಮಾತಲ್ಲ. ಬಂಗಡೆ, ಇಶ್ವಾಣ, ಗೇದರ್ ಜಾತಿಯ ಮೀನಿಗೆ ಹಿಡಿದ ಕೂಡಲೇ ಸಾಕಷ್ಟು ಐಸ್ ಬೀಳದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಕೂಡುತ್ತದೆ. ಒಮ್ಮೆ ಕೂಡಿದ ಮೇಲೆ ಎಷ್ಟು ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಅಲರ್ಜಿ ಎಂದೇ ತಿಳಿಯುತ್ತಾರೆ. ಯಾವ ಮೀನು ತಿಂದಿರಿ ಎಂದು ವೈದ್ಯರು ಕೇಳಿದಾಗ ಮೆನುವಿನ ಹೆಸರೇ ಸುಳ್ಳಾದರೆ ಉತ್ತರ ಏನು ಕೊಡುವುದು? ಬಾಣಂತಿಯರಿಗೆ ಮೊರಿ, ಅಂದರೆ ಶಾರ್ಕ್ ಮೀನು, ಕೊಡುವ ರೂಢಿ ಕರಾವಳಿಯಲ್ಲಿದೆ. ಆದರೆ ದೊಡ್ಡ ಶಾರ್ಕ್‌ಗಳ ಮಾಂಸದಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ, ಗರ್ಭಿಣಿಯರೂ ಹಾಲುಣಿಸುವವರೂ ಅದನ್ನು ತಿನ್ನಬಾರದು. ‘ಮೊರಿ’ ಎಂಬ ಒಂದೇ ಹೆಸರಿನಡಿ ಹಲವು ಜಾತಿ, ಹಲವು ಗಾತ್ರ ಮಾರಾಟವಾಗುವುದು ಅಪಾಯ. ಮೇಲಾಗಿ ತಿಮಿಂಗಿಲ ಶಾರ್ಕ್‌ನಂಥ ಕೆಲವು ಜಾತಿಗಳಿಗೆ 2001ರಿಂದಲೇ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಗೋಲ್‌ಮಾಲ್‌ಗೆ ಹೆಚ್ಚು ಅವಕಾಶವಿರುವುದು ಮಳೆಗಾಲದಲ್ಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡಲು ಬಂದ್. ಆಗ ‘ಇವತ್ತಿನ ತಾಜಾ ಇಶ್ವಾಣ’ ಎಂದರೆ ಸಣ್ಣ ನಾಡದೋಣಿಯವರು ತಂದದ್ದಿರಬೇಕು, ಇಲ್ಲವೇ ಶೈತ್ಯಾಗಾರದ್ದು. ಜೂನ್ 15ರ ನಂತರ ತಮಿಳುನಾಡು, ಆಂಧ್ರದ ಐಸ್ ಮೀನು ಬರಬಹುದು. ಶಿರಸಿ, ಸಿದ್ದಾಪುರದವರಿಗೆ ಅದು ಮತ್ತೊಂದಷ್ಟು ತಾಸು ತಡ. ಐಸ್ ಮೀನು, ಹೆಪ್ಪುಗಟ್ಟಿದ ಮೀನು ಮಾರುವುದು ತಪ್ಪಲ್ಲ. ಹಾಗೆಂದು ಬರೆಯದಿರುವುದು ತಪ್ಪು.

ಕಾನೂನು ಇಲ್ಲವೆಂದಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 50ನೇ ಕಲಂ ಪ್ರಕಾರ ಗಿರಾಕಿ ಕೇಳಿದ ಬಗೆಯದಲ್ಲದ ಆಹಾರ ಕೊಟ್ಟು ಅವರಿಗೆ ನಷ್ಟ ಮಾಡಿದರೆ 5 ಲಕ್ಷ ರೂಪಾಯಿವರೆಗೆ ದಂಡ. ಸಣ್ಣ ವ್ಯಾಪಾರಿಗಳಿಗಾದರೆ 25 ಸಾವಿರದವರೆಗೆ. 40ನೇ ಕಲಂ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಇಲ್ಲಿ ಒಂದು ಷರತ್ತನ್ನು ಬಹಳ ಮಂದಿ ಮರೆಯುತ್ತಾರೆ: ಪರೀಕ್ಷೆಗೆ ಕಳಿಸುತ್ತೇನೆ ಎಂದು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಬೇಕು. ಊಟ ಮುಗಿಸಿ ಮನೆಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಬಿಲ್ಲಿನಲ್ಲಿ ‘ಫಿಶ್ ಫ್ರೈ’ ಎಂದಷ್ಟೇ ಇದ್ದರೆ ಮೀನಿನ ಹೆಸರು ಬರೆಸಿಕೊಳ್ಳಿ, ತುಂಡಿನ ಫೋಟೊ ತೆಗೆದಿಡಿ. ಬೆಂದ ಮಾಂಸದ ಚೂರಿನಿಂದಲೂ ಡಿಎನ್‌ಎ ಪರೀಕ್ಷೆ ಮಾಡಿ ಜಾತಿ ಪತ್ತೆ ಹಚ್ಚಲು ಸಾಧ್ಯವಿದೆ. ಅಮೆರಿಕದಲ್ಲಿ ಕಡಲ ಸಂರಕ್ಷಣೆಯ ಓಶಿಯಾನಾ ಸಂಸ್ಥೆ ಹೀಗೆ 1,215 ಮಾದರಿ ಪರೀಕ್ಷಿಸಿ 2013ರಲ್ಲಿ ಕೊಟ್ಟ ವರದಿಯಲ್ಲಿ ಮೂರನೇ ಒಂದು ಪಾಲು ತಪ್ಪು ಹೆಸರಿನವಾಗಿದ್ದವು.

ಆದರೆ ಪ್ರತಿ ಗಿರಾಕಿಯೂ ಪ್ರಯೋಗಾಲಯಕ್ಕೆ ಓಡಲಿ ಎನ್ನುವುದು ನ್ಯಾಯವಲ್ಲ. ಯುರೋಪಿನ ದೇಶಗಳಲ್ಲಿ ಮೀನಂಗಡಿಯವರು ಮೀನಿನ ವ್ಯಾಪಾರದ ಹೆಸರಿನ ಜೊತೆ ವೈಜ್ಞಾನಿಕ ಹೆಸರು, ಹಿಡಿದದ್ದೋ ಸಾಕಿದ್ದೋ, ಎಲ್ಲಿಯದು, ಹೆಪ್ಪುಗಟ್ಟಿಸಿ ಕರಗಿಸಿದ್ದೋ ಎಂಬುದನ್ನೂ ತಿಳಿಸಬೇಕು. ನಮ್ಮಲ್ಲಿ ಅಷ್ಟು ಬೇಡ, ನಾಲ್ಕು ಮಾಹಿತಿ ಸಾಕು: ಕನ್ನಡ ಮತ್ತು ಕೊಂಕಣಿ ಹೆಸರು, ಸಮುದ್ರದ್ದೋ ಹೊಳೆಯದ್ದೋ ಸಾಕಿದ್ದೋ, ತಾಜಾ ಇಲ್ಲವೇ ಐಸ್ ಇಲ್ಲವೇ ಹೆಪ್ಪುಗಟ್ಟಿದ್ದು, ಮತ್ತು ದರ. ಹೋಟೆಲಿನ ಗೋಡೆಗೆ ಒಂದು ಕಪ್ಪು ಹಲಗೆ, ಒಂದು ಸೀಮೆಸುಣ್ಣ ಇದ್ದರೆ ದಿನಾ ಬೆಳಿಗ್ಗೆ ಬರೆಯಬಹುದು. ಮೀನು ಬದಲಾದಂತೆ ಮೆನು ಕಾರ್ಡನ್ನು ಮತ್ತೆ ಮುದ್ರಿಸುವ ಖರ್ಚೂ ಇಲ್ಲ.

ಇದಕ್ಕೆ ಮೊದಲು ಎಲ್ಲರೂ ಒಪ್ಪುವ ಹೆಸರಿನ ಪಟ್ಟಿಯೊಂದು ಬೇಕು. ಜಿಲ್ಲಾ ಮೀನುಗಾರಿಕೆ ಇಲಾಖೆಯೂ ಕಾರವಾರದ ಸಂಶೋಧನಾ ಕೇಂದ್ರವೂ ಕೂಡಿ, ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಮೀನು ಮಾರುವ ಹೆಂಗಸರನ್ನು ಕೂರಿಸಿಕೊಂಡು ಅದನ್ನು ತಯಾರಿಸಬೇಕು. ನವಾಯತಿ, ಕೊಂಕಣಿ, ಕನ್ನಡದ ಹೆಸರುಗಳಲ್ಲಿ ಯಾವುದು ಯಾವ ಮೀನಿಗೆ ಎಂದು ಅವರಷ್ಟು ಖಚಿತವಾಗಿ ಹೇಳಬಲ್ಲವರು ಬೇರೆ ಇಲ್ಲ. ಐವತ್ತು ಮೀನಿನ ಬಣ್ಣದ ಚಿತ್ರವಿರುವ ಒಂದು ಹಾಳೆ, ಬಂದರುಗಳಲ್ಲಿ, ಮಾರುಕಟ್ಟೆಗಳಲ್ಲಿ, ಶಿರಸಿಯ ಮೀನಂಗಡಿಗಳಲ್ಲಿ ಅಂಟಿಸುವಂಥದ್ದು, ಆಗಸ್ಟ್ 1ಕ್ಕೆ ದೋಣಿಗಳು ಕಡಲಿಗಿಳಿಯುವ ಮೊದಲು ಸಿದ್ಧವಾಗಲಿ. ಆಹಾರ ಸುರಕ್ಷತಾ ಇಲಾಖೆಯ ಅಂಕಿತ ಅಧಿಕಾರಿಗಳು ಹೋಟೆಲ್ ತಪಾಸಣೆಗೆ ಹೋದಾಗ ಅಡುಗೆಮನೆಯ ಫ್ರೀಜರ್ ತೆಗೆಸಿ, ಒಳಗಿರುವ ಪ್ಯಾಕೆಟ್ಟಿನ ಹೆಸರಿಗೂ ಮೆನುವಿನ ಹೆಸರಿಗೂ ತಾಳೆ ನೋಡಲಿ. ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ತಮ್ಮ ಪತ್ರಿಕೆಯಲ್ಲಿ ಮೀನಿನ ದರ ಪ್ರಕಟಿಸುವಾಗಲೂ ಬರಿಯ ‘ಪಾಂಫ್ರೆಟ್’ ಎನ್ನದೆ ಬಿಳಿ ಪಾಪ್ಲೆಟ್, ಹಲವಾ, ರೂಪಚಂದ್ ಎಂದು ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಡಬೇಕೆಂದು ವಿನಂತಿ. ದರ ಪಕ್ಕಪಕ್ಕದಲ್ಲಿ ಕಂಡರೆ ಹೋಟೆಲಿನ ಬಿಲ್ ನೋಡಿ ಪ್ರಶ್ನೆ ಕೇಳುವುದು ಗಿರಾಕಿಗಳಿಗೆ ಸುಲಭ.

— ಓದುಗ, ಕಾರವಾರ