ಹನ್ನೆರಡು ತಂತಿಗಳ ಋಣ

ನಮ್ಮ ಹಾರ್ಪ್ ಗಿಟಾರ್ ಮೊದಲ ಸಲ ಒಂದು ಪೂರ್ತಿ ಕಚೇರಿ ಮುಗಿಸಿತು. ತಂತಿ ಹರಿಯಲಿಲ್ಲ, ಶ್ರುತಿ ಇಳಿಯಲಿಲ್ಲ, ಸ್ಪೀಕರ್ ಊಳಿಡಲಿಲ್ಲ. ಹೇಳಿ ಮಾಡಿಸಿದ ಹನ್ನೆರಡು ತಂತಿಯ ವಾದ್ಯಕ್ಕೆ ಈ ಮೂರೂ ಸಣ್ಣ ಮಾತಲ್ಲ. ಚಪ್ಪಾಳೆ ನುಡಿಸಿದವರಿಗೆ ಬಿತ್ತು. ಅದಕ್ಕೆ ಅರ್ಹರಾದವರಲ್ಲಿ ಹೆಚ್ಚಿನವರು ಸಭೆಯಲ್ಲೇ ಇರಲಿಲ್ಲ. ಯಾರು ಏನು ಮಾಡಿದರು ಎಂದು ಬಿಡಿಸಿ ಹೇಳದಿದ್ದರೆ ಇದೂ ಜನ ಎದ್ದು ಹೋಗುವಾಗ ಓದುವ ವಂದನಾರ್ಪಣೆಯಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಈ ವಾದ್ಯ ನೋಡದವರಿಗಾಗಿ: ಮಾಮೂಲಿ ಆರು ತಂತಿಯ ಗಿಟಾರಿನ ಮೇಲುಭಾಗದಿಂದ ಒಂದು ಟೊಳ್ಳು ತೋಳು ಹೊರಟು ಕತ್ತಿನ ಪಕ್ಕದಲ್ಲೇ ಸಾಗುತ್ತದೆ. ಆ ತೋಳಿನ ತುದಿಯಿಂದ, ತಂತಿಗಳನ್ನು ಹಲಗೆಗೆ ಹಿಡಿದಿಡುವ ಬ್ರಿಡ್ಜ್‌ವರೆಗೆ ಇನ್ನೂ ಆರು ದಪ್ಪ ತಂತಿಗಳು. ಅವುಗಳ ಕೆಳಗೆ ಫ್ರೆಟ್ (ಮೆಟ್ಟಿಲು) ಇಲ್ಲ, ಎಡಗೈ ಅವನ್ನು ಮುಟ್ಟುವುದಿಲ್ಲ; ಬಲಗೈ ಹೆಬ್ಬೆರಳು ಮೀಟಿದಾಗ ಒಂದೊಂದೂ ಒಂದೇ ಸ್ವರ ಕೊಡುತ್ತದೆ. ನಮ್ಮ ವೀಣೆಯ ಮೂರು ತಾಳದ ತಂತಿಗಳೂ ಮೆಟ್ಟಿಲು ಹತ್ತದೆ ಹೀಗೇ ಪಕ್ಕದಲ್ಲಿ ನಿಂತಿರುತ್ತವೆ. ಆದರೆ ಅವು ಷಡ್ಜ ಪಂಚಮಗಳನ್ನು ಹಿಡಿದು ತಾಳ ಹಾಕುತ್ತವೆ, ಇವು ಮಂದ್ರದಲ್ಲಿ ಸ್ವರದಿಂದ ಸ್ವರಕ್ಕೆ ನಡೆಯುತ್ತವೆ.

ಮೊದಲ ಋಣ ಈ ವಾದ್ಯಕ್ಕೆ ಹಾದಿ ಹಾಕಿಕೊಟ್ಟವರಿಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್ಸೆಂಡ್‌ನಲ್ಲಿದ್ದ, ನಾರ್ವೆ ಮೂಲದ ಕ್ರಿಸ್ ಕ್ನೂಟ್ಸೆನ್ ಈ ಟೊಳ್ಳು ತೋಳಿನ ವಿನ್ಯಾಸಕ್ಕೆ 1898ರಲ್ಲಿ ಪೇಟೆಂಟ್ ಪಡೆದರು. ಅದನ್ನು ಗಟ್ಟಿಮುಟ್ಟಾದ ವಾದ್ಯವಾಗಿಸಿದವರು ಶಿಕಾಗೋದ ಲಾರ್ಸನ್ ಸಹೋದರರು. ಅವರು ಕಟ್ಟಿದ್ದು ಸೇಂಟ್ ಪಾಲ್‌ನ ಡೈಯರ್ ಕಂಪನಿಯ ಹೆಸರಿನಲ್ಲಿ ಮಾರಾಟವಾಯಿತು. ಮುಂದೆ ಜನ ಮರೆತ ಈ ವಾದ್ಯವನ್ನು 1980ರ ದಶಕದಲ್ಲಿ ಮೈಕೆಲ್ ಹೆಡ್ಜಸ್ ಮತ್ತೆ ವೇದಿಕೆಗೆ ತಂದರು. ಸ್ಟೀಫನ್ ಬೆನೆಟ್ 2003ರಲ್ಲಿ ವಾದಕರ ಸಮಾವೇಶ ಶುರುಮಾಡಿದರು. ಗ್ರೆಗ್ ಮೈನರ್ ಹಳೆಯ ವಾದ್ಯಗಳನ್ನೂ ಅವುಗಳ ಚರಿತ್ರೆಯನ್ನೂ ಹುಡುಕಿ ದಾಖಲಿಸಿದರು. ಇವರು ಉಳಿಸಿ ಹಂಚಿದ ತಿಳಿವಳಿಕೆ ಇಲ್ಲದಿದ್ದರೆ ಇವತ್ತು ಮಾಡಿಸುವವರಿಗೂ ಮಾಡುವವರಿಗೂ ಕತ್ತಲೆಯಲ್ಲಿ ತಡಕಾಟವೇ ಗತಿ.

ಇನ್ನು ನಮ್ಮ ವಾದ್ಯ ಕಟ್ಟಿದವರು. ಹೆಸರು ಬೇಡ ಎಂದಿದ್ದಾರೆ, ಕೆಲಸವನ್ನಾದರೂ ಹೇಳೋಣ. ಕತ್ತಿನ ಆರು ತಂತಿಗಳು ಸುಮಾರು 74 ಕಿಲೋ ಭಾರದಿಂದ ಎಳೆಯುತ್ತವೆ. ಮಂದ್ರದ ಆರನ್ನು ಸೇರಿಸಿದರೆ ಒಟ್ಟು ಎಳೆತ 140 ಕಿಲೋ ಹತ್ತಿರ. ಹೊರುವುದು ಮೂರು ಮಿಲಿಮೀಟರಿನಷ್ಟು ತೆಳುವಾದ ಸ್ಪ್ರೂಸ್ ಹಲಗೆ. ಹಲಗೆಯನ್ನು ದಪ್ಪ ಮಾಡಿದರೆ ವಾದ್ಯ ಮುರಿಯುವುದಿಲ್ಲ, ನುಡಿಯುವುದೂ ಇಲ್ಲ. ಅವರು ಹಲಗೆಯನ್ನು ತೆಳುವಾಗಿಯೇ ಬಿಟ್ಟು ಒಳಗಿನ ಆಸರೆ ಪಟ್ಟಿಗಳನ್ನು ಮಂದ್ರದ ಕಡೆಗೆ ಚಾಚಿದರು. ತಂತಿ ಸಿಕ್ಕಿಸುವ ಹನ್ನೆರಡೂ ಪಿನ್ನುಗಳ ಅಡಿಗೆ ಒಂದೇ ಅಖಂಡ ಮೇಪಲ್ ಪಟ್ಟಿ ಕೊಟ್ಟರು. ತಂತಿಯ ತುದಿಯ ಗುಂಡು ಆ ಗಟ್ಟಿ ಮರಕ್ಕೆ ಆತು ಕೂರಬೇಕು. ಪಿನ್ನಿನ ತುದಿಗೆ ಸಿಕ್ಕಿಕೊಂಡರೆ ಪಿನ್ನು ಎದ್ದು ಬರುತ್ತದೆ, ರಂಧ್ರ ಸವೆಯುತ್ತದೆ. ಬ್ರಿಡ್ಜ್ ಹಿಂದೆ ಹಲಗೆ ತುಸು ಉಬ್ಬುವುದು ಸಹಜ. ಉಬ್ಬು ಏರುತ್ತಾ ಹೋಗಿ, ಅದರ ಜೊತೆ 12ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರವೂ ಏರಿದರೆ ಒಳಗೆ ಪಟ್ಟಿಯ ಅಂಟು ಬಿಟ್ಟಿರುವ ಅನುಮಾನ. ಕತ್ತಿನೊಳಗಿನ ಕಬ್ಬಿಣದ ಸಲಾಕೆ ತಿರುಗಿಸಿ ಇದನ್ನು ಸರಿಮಾಡಲು ಹೊರಡುವವರಿದ್ದಾರೆ. ಆ ಸಲಾಕೆ ಕತ್ತಿನ ಬಾಗನ್ನು ಮಾತ್ರ ತಿದ್ದುತ್ತದೆ, ಹಲಗೆಯ ಗೋಜಿಗೇ ಹೋಗುವುದಿಲ್ಲ.

ಬೆನ್ನು, ಪಕ್ಕಗಳಿಗೆ ಬೀಟೆ ಹಾಕಿದರು. ಜಗತ್ತಿನ ಗಿಟಾರ್ ತಯಾರಕರು ಇಂಡಿಯನ್ ರೋಸ್‌ವುಡ್ ಎಂದು ಕೊಳ್ಳುವುದು ಕೊಡಗು, ಮಲೆನಾಡಿನ ಕಾಡುಗಳಲ್ಲೂ ಬೆಳೆಯುವ ಇದೇ ಮರವನ್ನು.

ಯಾವ ತಂತಿ ಎಷ್ಟು ದಪ್ಪ ಎಂಬ ತಂತಿಪಟ್ಟಿ ಲೆಕ್ಕ ಹಾಕಿಕೊಟ್ಟ ಗೆಳೆಯರಿಗೆ ವಿಶೇಷ ವಂದನೆ. ಹೊಸಬರು ಹೆಚ್ಚು ದುಡ್ಡು ಕಳೆಯುವುದು ಇಲ್ಲೇ. ಕತ್ತಿನ ಅತಿ ದಪ್ಪ ತಂತಿಯ (ಇ ಸ್ವರದ್ದು) ಪಕ್ಕದಿಂದ ಹೊರಕ್ಕೆ ನಮ್ಮ ಶ್ರುತಿ, ಪಾಶ್ಚಾತ್ಯ ಸ್ವರಗಳಲ್ಲಿ, ಡಿ, ಸಿ, ಬಿ, ಎ, ಜಿ, ಎಫ್, ಅಂದರೆ 73.4 ಹರ್ಟ್ಸ್‌ನಿಂದ 43.7ಕ್ಕೆ ಇಳಿಯುತ್ತದೆ. ಎಳೆತವು ಉದ್ದದ ವರ್ಗಕ್ಕೂ ಕಂಪನಸಂಖ್ಯೆಯ ವರ್ಗಕ್ಕೂ ತಕ್ಕಂತೆ ಬದಲಾಗುತ್ತದೆ. ಒಂದೇ ತಂತಿಯನ್ನು ಪಂಚಮದಷ್ಟು ಕೆಳಗಿಳಿಸಿದರೆ ಉಳಿಯುವ ಎಳೆತ ಒಂಬತ್ತರಲ್ಲಿ ನಾಲ್ಕು ಪಾಲು ಮಾತ್ರ. ತಂತಿ ಜೋಲುಬಿದ್ದು ಪಕ್ಕದ್ದಕ್ಕೆ ತಾಗಿ ಗರಗರ ಅನ್ನುತ್ತದೆ. ಕತ್ತಿನ ತಂತಿಗಳ ಉದ್ದ 650 ಮಿ.ಮೀ. ಇದ್ದರೆ ಮಂದ್ರದವು 760ರಿಂದ 860ರವರೆಗೆ ಹಿಗ್ಗುವುದು ಇದೇ ಕಾರಣಕ್ಕೆ. ಆ ಉದ್ದಗಳಿಗೆ ಡಿ ಸುಮಾರು 1.3 ಮಿ.ಮೀ., ಎಫ್ ಸುಮಾರು 1.9 ಮಿ.ಮೀ. ದಪ್ಪವಿದ್ದರೆ ಕೈಗೆ ಒಂದೇ ಬಿಗಿ ಸಿಗುತ್ತದೆ. ಜಿ ಮೇಜರ್‌ನಲ್ಲಿ ನುಡಿಸಲು ಎಫ್ ಅನ್ನು ಅರ್ಧ ಸ್ವರ ಏರಿಸಿದರೆ ಎಳೆತ ಶೇ. 12ರಷ್ಟು ಹೆಚ್ಚುತ್ತದೆ, ದಪ್ಪ ಆರಿಸುವಾಗ ಆ ಏರಿಕೆಗೂ ಜಾಗ ಬಿಟ್ಟಿರಬೇಕು.

ತಂತಿ ಕೊಳ್ಳುವಾಗ ಇನ್ನೊಂದು ಅಳತೆ: 860 ಮಿ.ಮೀ.ಗೆ ಮೇಲೆ ಬಿರಡೆಗೆ ಸುತ್ತಲು ಕನಿಷ್ಠ 100 ಮಿ.ಮೀ. ಬೇಕು. ಅಂಗಡಿಯ ಸಾಮಾನ್ಯ ಗಿಟಾರ್ ತಂತಿ ಇಷ್ಟಕ್ಕೆ ಸಾಲದೆ ಹೋಗಬಹುದು. ಸುತ್ತು ತಂತಿಯನ್ನು ಮೊದಲು ಲಂಬವಾಗಿ ಮಡಿಸಿ, ಮಡಿಕೆಯ ಆಚೆ ಕತ್ತರಿಸಿ. ನೇರ ಕತ್ತರಿಸಿದರೆ ಹೊರಸುತ್ತು ಸಡಿಲಗೊಂಡು ತಂತಿ ಸತ್ತ ದನಿ ಕೊಡುತ್ತದೆ.

ಶ್ರುತಿ ಮಾಡುವ ಕ್ರಮವನ್ನೂ ಆ ಗೆಳೆಯರೇ ಹೇಳಿಕೊಟ್ಟರು. ಮಂದ್ರ ಬಿಗಿದಾಗ ಹಲಗೆ ಎಳೆಯಲ್ಪಟ್ಟು ಕತ್ತಿನ ತಂತಿಗಳು ಇಳಿಯುತ್ತವೆ. ಹಾಗಾಗಿ ಮಂದ್ರ, ಕತ್ತು, ಮತ್ತೆ ಮಂದ್ರ, ಮತ್ತೆ ಕತ್ತು. ವಾದ್ಯಕ್ಕೆ ಸಿಕ್ಕಿಸಿ ಶ್ರುತಿ ನೋಡುವ ಕ್ಲಿಪ್ ಟ್ಯೂನರ್ 50 ಹರ್ಟ್ಸ್‌ಗಿಂತ ಕೆಳಗೆ ತಡವರಿಸುವುದುಂಟು. ತಂತಿಯ ನಟ್ಟನಡುವೆ, 860ರದ್ದಾದರೆ 430 ಮಿ.ಮೀ.ಗೆ, ಬೆರಳು ಹಗುರವಾಗಿ ಮುಟ್ಟಿಸಿ ಮೀಟಿದರೆ ಮೇಲಿನ ಸ್ಥಾಯಿಯ ಸ್ವರ ಬರುತ್ತದೆ, ಟ್ಯೂನರ್ ಅದನ್ನು ಹಿಡಿಯುತ್ತದೆ. ಶ್ರುತಿ ಕೂಡಿದರೆ ಮಂದ್ರದ ಎ (55 ಹರ್ಟ್ಸ್) ಕತ್ತಿನ ಎ (110) ಜೊತೆ, ಮಂದ್ರದ ಜಿ (49) ಕತ್ತಿನ ಜಿ (196) ಜೊತೆ ತಾನಾಗಿ ಅನುರಣಿಸುತ್ತದೆ. ಕೂಡದಿದ್ದರೆ ಅದೇ ಅನುರಣನ ಕೆಸರಾಗುತ್ತದೆ.

ಕಲಿಸಿದ ಗುರುಗಳಿಗೆ ಏನು ಹೇಳಿದರೂ ಕಡಿಮೆಯೇ. ಈ ವಾದ್ಯದಲ್ಲಿ ಮೀಟುವುದು ಸುಲಭ, ನಿಲ್ಲಿಸುವುದೇ ವಿದ್ಯೆ. ಮೀಟಿದ ಜಿ ಹಲವು ಸೆಕೆಂಡು ಮೊಳಗುತ್ತದೆ. ಅಷ್ಟರಲ್ಲಿ ಹಾಡು ಸಿ ಕಾರ್ಡಿಗೆ ಹೋಗಿ ಎರಡೂ ಕಲಸಿಹೋಗುತ್ತವೆ. ಅವರು ಆರನ್ನೂ ಒಟ್ಟಿಗೆ ಕೊಡಲಿಲ್ಲ. ಡಿ, ಸಿ ಎರಡರಿಂದ ಶುರು, ಕಣ್ಣು ಎಡಗೈ ಮೇಲೆಯೇ. ಹೆಬ್ಬೆರಳು ಕೆಳಮುಖವಾಗಿ ಮೀಟಿ ಕೆಳಗಿನ ತಂತಿಯ ಮೇಲೆ ಒರಗಬೇಕು. ಈ ಒರಗು ಮೀಟಿನಿಂದ ಅವರೋಹಣ ತಾನೇ ಶುದ್ಧವಾಗುತ್ತದೆ: ಸಿ ನುಡಿಸಿ ಬಿ ಮೀಟಿದರೆ ಬೆರಳು ಹೋಗಿ ಕೂರುವುದು ಸಿ ಮೇಲೆಯೇ, ಅದು ಮೌನವಾಗುತ್ತದೆ. ಆರೋಹಣದಲ್ಲಿ ಈ ಉಪಕಾರ ಇಲ್ಲ. ಎ ನುಡಿಸಿ ಬಿ ಮೀಟಿದರೆ ಎ ಹಿಂದೆ ಮೊಳಗುತ್ತಲೇ ಇರುತ್ತದೆ. ಮೀಟಿದ ತಕ್ಷಣ ಹೆಬ್ಬೆರಳಿನ ಬೆನ್ನನ್ನು ಮೇಲಕ್ಕೆ ತಾಗಿಸಿ ಅದನ್ನು ತಡೆಯಬೇಕು. ಗಿಟಾರ್ ಚೆನ್ನಾಗಿ ಬಲ್ಲವರೂ ಇಲ್ಲಿ ಎಡವುತ್ತಾರೆ, ಏಕೆಂದರೆ ಅವರ ಹೆಬ್ಬೆರಳಿಗೆ ಮೇಲೆ ತಂತಿಯಿದೆ ಎಂಬ ಅಭ್ಯಾಸವೇ ಇಲ್ಲ. ಬರೀ ಹೆಬ್ಬೆರಳಿನ ನಿಧಾನ ಸಾಧನೆಗೆ ಅವರು ತೋರಿದ ತಾಳ್ಮೆ ದೊಡ್ಡದು.

ಸೌಂಡ್ ನೋಡಿಕೊಂಡವರಿಗೂ ನಮಸ್ಕಾರ. ಕತ್ತಿಗೂ ಮಂದ್ರಕ್ಕೂ ಬೇರೆ ಬೇರೆ ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ), ಬೇರೆ ಬೇರೆ ಚಾನೆಲ್ ಕೇಳಿ ಪಡೆದರು. 35 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರು. ಅಲ್ಲಿ ನಮ್ಮ ಸ್ವರ ಯಾವುದೂ ಇಲ್ಲ, ವೇದಿಕೆಯ ಧಡಧಡ ಮಾತ್ರ ಇರುತ್ತದೆ. ತೋಳೂ ಸೇರಿ ಒಳಗಿನ ಗಾಳಿ ಹೆಚ್ಚಿರುವುದರಿಂದ ಈ ವಾದ್ಯ ಬೇಗ ಊಳಿಡುತ್ತದೆ. ಅದಕ್ಕೆ ಅವರು ವಾಲ್ಯೂಮ್ ಇಳಿಸಲಿಲ್ಲ, ಧ್ವನಿರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿಸಿದರು.

ಪೆಟ್ಟಿಗೆ ಹೊಲಿದುಕೊಟ್ಟವರು ತೋಳಿನ ತುದಿಗೆ ಪ್ರತ್ಯೇಕ ದಿಂಬು ಇಟ್ಟಿದ್ದಾರೆ. ಪೆಟ್ಟಿಗೆ ಬಿದ್ದರೆ ಮೊದಲು ಏಟು ತಿನ್ನುವುದು ಆ ತುದಿಯೇ. ಪ್ರಯಾಣಕ್ಕೆ ಮುನ್ನ ಹನ್ನೆರಡನ್ನೂ ಒಂದು ಪೂರ್ಣ ಸ್ವರ ಇಳಿಸಿದರೆ ಎಳೆತ ಶೇ. 20ರಷ್ಟು ತಗ್ಗುತ್ತದೆ. ಪೂರ್ತಿ ಸಡಿಲಿಸುವುದು ಬೇಡ. ಒಳಗೆ ತೇವಾಂಶ ಶೇ. 45ರಿಂದ 55 ಇರಲಿ: ಹೀಟರ್ ಹಾಕಿದ ಶಿಕಾಗೋ ಚಳಿಗಾಲದಲ್ಲಿ ಹಲಗೆ ಬಿರಿಯುತ್ತದೆ, ಮಂಗಳೂರಿನ ಮಳೆಗಾಲದಲ್ಲಿ ಉಬ್ಬುತ್ತದೆ.

ಹಾರ್ಪ್ ಗಿಟಾರ್ ಮಾಡಿಸಲು ಹೊರಟವರು ಕೇಳಿದರೆ ನಮ್ಮ ತಂತಿಪಟ್ಟಿ ಕೊಡುತ್ತೇವೆ. ಆದರೆ ಅದನ್ನು ಹಾಗೇ ನಕಲು ಮಾಡಬೇಡಿ. ನಿಮ್ಮ ವಾದ್ಯದ ಆರೂ ಮಂದ್ರಗಳ ಉದ್ದವನ್ನು, ಬಿರಡೆ ಕಡೆ ತಂತಿ ಆತು ಕೂರುವ ನಟ್‌ನಿಂದ ಬ್ರಿಡ್ಜ್‌ವರೆಗೆ ಒಂದೊಂದಾಗಿ ಅಳೆದು ಕಳುಹಿಸಿ. ದಪ್ಪ ಎಷ್ಟಿರಬೇಕೆಂದು ಕೂತು ಲೆಕ್ಕ ಹಾಕೋಣ.