ಲುಕ್ಲಾ ವಿಮಾನ ಸುಮ್ನೆ ರದ್ದಾಗುವುದಿಲ್ಲ

ಮಾನ್ಯರೇ,

ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಹೋಗಿಬಂದ ನನ್ನ ಗೆಳೆಯರದ್ದೆಲ್ಲ ಒಂದೇ ದೂರು: ಚಾರಣ ಶುರುವಾಗುವ ನೇಪಾಳದ ಬೆಟ್ಟದೂರು ಲುಕ್ಲಾದ ವಿಮಾನ ಸುಮ್ನೆ ರದ್ದು ಮಾಡಿಬಿಟ್ಟರು ಅಂತ. ನಾನು ಬ್ಯಾಂಕ್ ನೌಕರ. ರಾತ್ರಿ ಊಟ ಆದಮೇಲೆ ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಅದೇ ಲುಕ್ಲಾದಲ್ಲಿ ಟ್ವಿನ್ ಆಟರ್ ಎಂಬ ಪುಟ್ಟ ವಿಮಾನ ಇಳಿಸುತ್ತೇನೆ. ಆ ಪೈಲಟ್‌ಗಳ ಪರವಾಗಿ ಈ ಪತ್ರ.

ಅಲ್ಲಿನ ರನ್‌ವೇ ಬರೀ 527 ಮೀಟರ್. ಅದೂ ಸಮತಟ್ಟಲ್ಲ, ಸುಮಾರು ಶೇ 12ರಷ್ಟು ಏರು. ಈ ಏರಿನಿಂದ ವಿಮಾನ ಬೇಗ ನಿಲ್ಲುತ್ತದೆ ನಿಜ, ಆದರೆ ಕಣ್ಣಿಗೆ ಮೋಸ ಮಾಡುತ್ತದೆ. ದೂರದಿಂದ ನೋಡಿದರೆ ನಾವು ತುಂಬಾ ಮೇಲಿದ್ದೇವೆ ಅನಿಸುತ್ತದೆ. ಇನ್ನಷ್ಟು ಇಳಿಸೋಣ ಎಂದು ಕೈ ತಾನಾಗಿಯೇ ಕಂಟ್ರೋಲನ್ನು ಮುಂದಕ್ಕೆ ಒತ್ತುತ್ತದೆ. ಹಾಗೆ ಇಳಿಸಿದರೆ ರನ್‌ವೇಗಿಂತ ಮೊದಲು ಸಿಗುವುದು ಬೆಟ್ಟದ ಅಂಚು! ಸುಮಾರು 2,845 ಮೀಟರ್ ಎತ್ತರ, ಗಾಳಿ ತೆಳು. ಹಾಗಾಗಿ ವಿಮಾನದ ವೇಗಮಾಪಕ ತೋರಿಸುವುದಕ್ಕಿಂತ ನಿಜವಾದ ವೇಗ ಜಾಸ್ತಿ. ರನ್‌ವೇ ಕೊನೆಯಲ್ಲಿ ಗೋಡೆ, ಅದರಾಚೆ ಬೆಟ್ಟ. ಹತ್ತಿರ ಬಂದಮೇಲೆ ಮತ್ತೆ ಮೇಲೇರಿ ಸುತ್ತು ಹಾಕುವ ಮಾತೇ ಇಲ್ಲ.

ಇದು ಎಲ್ಲ ಸ್ಪಷ್ಟವಾಗಿ ಕಾಣುವ ದಿನದ ಕಥೆ. ಮೋಡ ಕವಿದರೆ? 2008ರ ಅಕ್ಟೋಬರ್‌ನಲ್ಲಿ ಮಂಜಿನ ನಡುವೆ ಇಳಿಯಲು ಹೋದ ವಿಮಾನ ಅಪ್ಪಳಿಸಿ 18 ಜನ ಸತ್ತರು. ಅದರ ಮುಂದೆ ಒಂದು ದಿನ ಕಾಯುವುದು ದೊಡ್ಡದಲ್ಲ, ಅಲ್ವಾ?

ಚಾರಣದ ಲೇಖನ ಹಾಕುವಾಗ ಈ ರನ್‌ವೇ ಬಗ್ಗೆಯೂ ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಹೊರಡುವವರು ವಾಪಸ್ ಟಿಕೆಟ್ ಮಾಡಿಸುವಾಗ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಲಿ.

– ನಿಮ್ಮ ಓದುಗ, ಹಾಸನ