ಶಾಲಿನ ಜೊತೆ ಗುರುತಿನ ಚೀಟಿಯನ್ನೂ ಕೊಡಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಬರುವ ಜನವರಿ 14ರ ಮಾಜಿ ಸೈನಿಕರ ದಿನದಂದು, ಮಾಜಿ ಸೈನಿಕರಿಗೂ ಅವರ ಪತ್ನಿಯರಿಗೂ ನೆರವಾಗುತ್ತಿರುವ ಸ್ವಯಂಸೇವಕರನ್ನೂ ಗೌರವಿಸಬೇಕೆಂದು ಕೋರುತ್ತೇವೆ. 1953ರಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದ ದಿನ ಅದು. ಅವರ ಜಿಲ್ಲೆಯಲ್ಲೇ ಈ ಕೆಲಸ ಆಗದಿದ್ದರೆ ಇನ್ನೆಲ್ಲಿ ಆಗಬೇಕು? ಜಿಲ್ಲಾ ಸೈನಿಕ ಮಂಡಳಿಯ ಅಧ್ಯಕ್ಷರು ತಾವೇ ಆದ್ದರಿಂದ ತಮಗೇ ಬರೆಯುತ್ತಿದ್ದೇವೆ.

ಈ ಸ್ವಯಂಸೇವಕರ ಕೆಲಸ ಎಂಥದ್ದೆಂದು ತಿಳಿಯಲು, ಬದುಕಿದ್ದೇವೆಂದು ಪಿಂಚಣಿದಾರರು ಪ್ರತಿವರ್ಷ ಕೊಡಬೇಕಾದ ಜೀವನ ಪ್ರಮಾಣ ಪತ್ರವೊಂದನ್ನು ನೋಡಿದರೆ ಸಾಕು. ಹೆಚ್ಚಿನವರಿಗೆ ಅದು ನವೆಂಬರ್ ತಿಂಗಳ ಕೆಲಸ. 80 ದಾಟಿದವರಿಗೆ ಅಕ್ಟೋಬರ್‌ನಿಂದಲೇ ಅವಕಾಶವಿದೆ. ಪಿಂಚಣಿಯು ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಾದ ‘ಸ್ಪರ್ಶ್’ಗೆ ಬಂದವರು ಆನ್‌ಲೈನ್ ಅರ್ಜಿಯಲ್ಲಿ ಮಂಜೂರಾತಿ ಪ್ರಾಧಿಕಾರ ಎಂಬಲ್ಲಿ ‘ಡಿಫೆನ್ಸ್ - ಪಿಸಿಡಿಎ (ಪಿ) ಅಲಹಾಬಾದ್’, ವಿತರಣಾ ಸಂಸ್ಥೆ ಎಂಬಲ್ಲಿ ‘ಸ್ಪರ್ಶ್ - ಪಿಸಿಡಿಎ (ಪೆನ್ಷನ್ಸ್) ಅಲಹಾಬಾದ್’ ಎಂದೇ ಆರಿಸಬೇಕು. ಹಳೆಯ ರೂಢಿಯಂತೆ ಬ್ಯಾಂಕಿನ ಹೆಸರು ಆರಿಸಿದರೂ ಪ್ರಮಾಣ ಪತ್ರ ತಯಾರಾಗುತ್ತದೆ. ಆದರೆ ಹೋಗಬೇಕಾದ ಕಡೆ ಹೋಗುವುದಿಲ್ಲ. ಎಲ್ಲ ಮುಗಿಯಿತೆಂದು ಮನೆಯವರು ನೆಮ್ಮದಿಯಿಂದಿರುತ್ತಾರೆ, ಪಿಂಚಣಿ ನಿಂತಾಗಲೇ ತಪ್ಪು ಗೊತ್ತಾಗುವುದು.

ಇನ್ನು ಬೆರಳಚ್ಚು. ವಯಸ್ಸಾಗಿ, ಅದರಲ್ಲೂ ಕಾಫಿ ತೋಟದಲ್ಲಿ ದುಡಿದು ಸವೆದ ಬೆರಳನ್ನು ಯಂತ್ರ ಓದುವುದೇ ಇಲ್ಲ. ಅನುಭವಸ್ಥರು ಕೈ ತೊಳೆಸಿ, ಚೆನ್ನಾಗಿ ಒರೆಸಿ, ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳನ್ನು ಒಂದೊಂದಾಗಿ ಇಡಿಸಿ ನೋಡುತ್ತಾರೆ. ಅದೂ ಆಗದಿದ್ದರೆ ಮುಖ ಗುರುತಿಸುವ ಆ್ಯಪ್. ಬೆನ್ನ ಹಿಂದೆ ಕಿಟಕಿಯಿದ್ದರೆ ಮುಖ ಕಪ್ಪಾಗಿ ಅದೂ ಕೈಕೊಡುತ್ತದೆ. ಅಜ್ಜಿಯನ್ನು ಜಗಲಿಗೆ ಕರೆತಂದು, ಬೆಳಕಿಗೆ ಮುಖ ಮಾಡಿಸಿ, ಕನ್ನಡಕ ತೆಗೆಸಿ, ‘ಒಂದ್ಸಲ ಕಣ್ಣು ಮುಚ್ಚಿ ತೆರೀರಿ ಅಮ್ಮ’ ಎಂದು ಹೇಳಿಕೊಡಬೇಕು. ಅಷ್ಟರಲ್ಲಿ ನೆಟ್‌ವರ್ಕ್ ಹೋದರೆ ಮತ್ತೆ ಮೊದಲಿನಿಂದ.

ಇದಕ್ಕಿಂತ ದೊಡ್ಡ ತೊಡಕು ಪತ್ನಿಯ ಹೆಸರಿನದು. ಸೈನಿಕನಿಗೆ ನಿವೃತ್ತಿಯಲ್ಲಿ ಕೊಡುವ ಡಿಸ್ಚಾರ್ಜ್ ಬುಕ್‌ನಲ್ಲಿ ‘ಮುತ್ತವ್ವ’, ಆಧಾರ್‌ನಲ್ಲಿ ‘ಮುತ್ತಮ್ಮ’. ಒಂದರಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಅದು ಇಲ್ಲವೇ ಇಲ್ಲ. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸೈನಿಕ ಬದುಕಿರುವಾಗಲೇ ಅವರ ಸಹಿಯಿರುವ ಅರ್ಜಿ, ಅಫಿಡವಿಟ್, ಎರಡೂ ದಾಖಲೆಗಳ ಪ್ರತಿ ಸೇರಿಸಿ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಕಳಿಸಿದರೆ ತಿದ್ದುಪಡಿ ಸುಲಭ. ಮನೆಮನೆಗೆ ಹೋಗಿ ಆ ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡುವ ತಾಳ್ಮೆ ಇವರದು. ನಮ್ಮ ದೃಷ್ಟಿಯಲ್ಲಿ ಇವರು ಮಾಡುವ ಅತ್ಯಂತ ಬೆಲೆಯುಳ್ಳ ಕೆಲಸ ಇದೇ. ಇದರ ಫೋಟೋ ಮಾತ್ರ ಎಲ್ಲೂ ಬರುವುದಿಲ್ಲ.

ನಿವೃತ್ತ ಸೈನಿಕ ತೀರಿಕೊಂಡರೆ ಪತ್ನಿಗೆ ಹೆಚ್ಚಿನ ದರದ ಪಿಂಚಣಿ ಸಿಗುವುದು 7 ವರ್ಷ, ಇಲ್ಲವೇ ಆ ಸೈನಿಕ ಬದುಕಿದ್ದಿದ್ದರೆ ಅವರಿಗೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಆಮೇಲೆ ಕೊನೆಯ ಸಂಬಳದ ಶೇ. 30ಕ್ಕೆ ಇಳಿಯುತ್ತದೆ. ಹಣ ಏಕಾಏಕಿ ಕಡಿಮೆಯಾದಾಗ ಗಾಬರಿಯಾದವರಿಗೆ ಇದನ್ನು ಕೂತು ಬಿಡಿಸಿ ಹೇಳುವವರೂ ಇವರೇ.

ಈಗ ನಮ್ಮ ಕೋರಿಕೆ. ಶಾಲು, ಹಾರ, ಫಲಕ ಬೇಡವೆನ್ನುವುದಿಲ್ಲ, ಆದರೆ ಗೌರವ ಅಷ್ಟಕ್ಕೇ ನಿಲ್ಲಬಾರದು. ಸೈನಿಕ ಮಂಡಳಿಯ ಸಹಿಯಿರುವ, ಒಂದು ವರ್ಷದ ಅವಧಿಯ ಗುರುತಿನ ಚೀಟಿ ಕೊಡಿಸಿ. ಯಾವ ಕಚೇರಿಗೆ ಹೋದರೂ ‘ನೀವು ಯಾರು, ನಿಮಗೇನು ಸಂಬಂಧ?’ ಎಂಬ ಪ್ರಶ್ನೆಗೆ ಅದೇ ಉತ್ತರ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಐದೂ ತಾಲ್ಲೂಕು ಕಚೇರಿಗಳಲ್ಲಿ ಒಂದು ಮೇಜು, ಒಂದು ಪ್ರಿಂಟರ್, ಒಂದು ಬೆರಳಚ್ಚು ಯಂತ್ರ ಇರಲಿ. ಬಸ್ ಚಾರ್ಜು, ಜೆರಾಕ್ಸ್ ಖರ್ಚು ಇವರ ಕೈಯಿಂದಲೇ ಹೋಗುತ್ತಿದೆ. ಅದನ್ನು ಜಿಲ್ಲಾಡಳಿತ ಭರಿಸಲಿ. ಧ್ವಜ ದಿನದ ನಿಧಿಯನ್ನು ಮಾತ್ರ ಇದಕ್ಕೆ ಮುಟ್ಟಬೇಡಿ, ಅದು ಸೈನಿಕ ಕುಟುಂಬಗಳಿಗೇ ಸೇರಿದ್ದು.

ಆಯ್ಕೆಯನ್ನು ಸಂಘಗಳ ಶಿಫಾರಸಿಗೆ ಬಿಟ್ಟರೆ ವೇದಿಕೆಯಲ್ಲಿ ಪದಾಧಿಕಾರಿಗಳೇ ಕಾಣುತ್ತಾರೆ. ‘ನಿಮ್ಮ ಕಾಗದಪತ್ರ ಮಾಡಿಸಿಕೊಟ್ಟವರು ಯಾರು?’ ಎಂದು ಹುತಾತ್ಮ ಸೈನಿಕರ ಪತ್ನಿಯರಾದ ವೀರನಾರಿಯರನ್ನೂ ಹಾಸಿಗೆ ಹಿಡಿದ ಹಿರಿಯರನ್ನೂ ನೇರವಾಗಿ ಕೇಳಿಸಿ. ಸೇನೆಯ ಸಂಬಂಧವೇ ಇಲ್ಲದ ಅಂಗನವಾಡಿ ಕಾರ್ಯಕರ್ತೆ, ಕಾಲೇಜು ಹುಡುಗ, ನಿವೃತ್ತ ಮೇಷ್ಟ್ರು ಹೀಗೆ ಯಾರ ಹೆಸರು ಬಂದರೂ ಒಪ್ಪಿಕೊಳ್ಳಿ.

ಚೀಟಿಯ ಹಿಂಬದಿಯಲ್ಲಿ ಕಟ್ಟುಪಾಡುಗಳೂ ಅಚ್ಚಾಗಿರಲಿ: ಒಟಿಪಿಯನ್ನು ಫೋನಿನಲ್ಲಿ ಕೇಳುವಂತಿಲ್ಲ, ಎಟಿಎಂ ಕಾರ್ಡ್, ಪಾಸ್‌ಬುಕ್ ಇಟ್ಟುಕೊಳ್ಳುವಂತಿಲ್ಲ, ಹಣ ಪಡೆಯುವಂತಿಲ್ಲ. ಜೀವನ ಪ್ರಮಾಣದ ಹೆಸರಿನಲ್ಲಿ ವಂಚಕರ ಕರೆಗಳು ಬರುತ್ತಿರುವ ಕಾಲದಲ್ಲಿ ಇದು ಸ್ವಯಂಸೇವಕರ ಮರ್ಯಾದೆಗೂ ರಕ್ಷಣೆ.

ಹೆಸರು ಸಂಗ್ರಹಿಸಲು ಸಮಯ ಬೇಕು. ಸೈನಿಕ ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಈ ವಿಷಯ ಸೇರಿಸಿ, ತೀರ್ಮಾನವನ್ನು ತಾಲ್ಲೂಕು ಕಚೇರಿಗಳ ಫಲಕದಲ್ಲಿ ಹಾಕಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೊಡಗಿನ ಮಾಜಿ ಸೈನಿಕರ ಹಿತೈಷಿಗಳು